ತಗಡು ಕೊಯ್ಯುವ ಮೊದಲು ತೂಕ ಹಾಕಿಸಿ

ವ್ಯಾನುಗಳನ್ನು ಬೇರೆ ಕೆಲಸಕ್ಕೆ ಮಾರ್ಪಡಿಸುವ ಬಗ್ಗೆ ಓದುಗರ ಪ್ರಶ್ನೆಗಳು. ಉತ್ತರಿಸಿದವರು ಮೈಸೂರಿನ ಮೇಟಗಳ್ಳಿಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ ನಡೆಸುವ ನಮ್ಮ ಅಂಕಣಕಾರರು.

ಪ್ರಶ್ನೆ: ಅಣ್ಣ, ನಾನು ಮದ್ದೂರು ಕಡೆಯವನು. ಹಳೇ ಸರಕು ವ್ಯಾನ್ ಒಂದನ್ನು ತಗೊಂಡಿದ್ದೇನೆ. ಹಿಂದೆ ಪೂರ್ತಿ ಮುಚ್ಚಿದ ಬಾಡಿ. ಅದರಲ್ಲಿ ತಟ್ಟೆ ಇಡ್ಲಿ, ದೋಸೆ ಮಾಡಿ ಮಾರಬೇಕು ಅಂತ ಆಸೆ. ವೆಲ್ಡಿಂಗ್‌ನವರು ಪಕ್ಕದ ತಗಡು ಕೊಯ್ದು ಕಿಟಕಿ ಮಾಡಿ, ಒಳಗೆ ಗ್ರಾನೈಟ್ ಕಟ್ಟೆ ಹಾಕಿಕೊಡುತ್ತೇನೆ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮ, ವೆಲ್ಡಿಂಗ್ ಅಂಗಡಿಯಿಂದ ಶುರು ಮಾಡಬೇಡಿ. ವೇಬ್ರಿಡ್ಜ್‌ನಿಂದ, ಅಂದರೆ ಗಾಡಿಯನ್ನೇ ನಿಲ್ಲಿಸಿ ತೂಗುವ ಕಾಟಾದಿಂದ, ಶುರು ಮಾಡಿ. ಕಬ್ಬಿನ ಸೀಮೆಯವರು ನೀವು, ಹತ್ತಿರದಲ್ಲೇ ಒಂದು ಸಿಗುತ್ತದೆ. ಡೀಸೆಲ್ ತುಂಬಿಸಿ ಖಾಲಿ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ, ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ಇನ್ನೊಂದು ಸಲ. ಮೂರೂ ಚೀಟಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ ಎಷ್ಟಿರಬಹುದು ಎಂದು ಬರೆದಿರುತ್ತದೆ. ಅದರಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದೇ ನಿಮ್ಮ ಬಂಡವಾಳ. ಕಟ್ಟೆ, ಒಲೆ, ನೀರು, ಹಿಟ್ಟು, ಕೆಲಸದವರು ಎಲ್ಲ ಅದರೊಳಗೇ ಬರಬೇಕು.

ಈಗ ಲೆಕ್ಕ ನೋಡಿ. 18 ಎಂಎಂ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. 6 ಅಡಿ ಉದ್ದ, 2 ಅಡಿ ಅಗಲದ ಕಟ್ಟೆ ಅಂದರೆ 54 ಕೆಜಿ. ಅದೇ ಅಳತೆಗೆ 1 ಎಂಎಂ ಸ್ಟೀಲ್ ಶೀಟ್ ಹೊದಿಸಿದರೆ 9 ಕೆಜಿ, ಕೆಳಗಿನ ಫ್ರೇಮಿನ ತೂಕ ಬೇರೆ. 12 ಎಂಎಂ ಕಬ್ಬಿಣದ ದೋಸೆ ಕಾವಲಿ 3 ಅಡಿಗೆ 2 ಅಡಿ ಇದ್ದರೆ ಅದೊಂದೇ 50 ಕೆಜಿ ದಾಟುತ್ತದೆ. 200 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ 200 ಕೆಜಿ. ತುಂಬಿದ ಕಮರ್ಷಿಯಲ್ ಸಿಲಿಂಡರ್ ಎರಡು ಇಟ್ಟರೆ ಹೆಚ್ಚುಕಮ್ಮಿ 70 ಕೆಜಿ. ಇನ್ನೂ ಪಾತ್ರೆ ಇಟ್ಟಿಲ್ಲ, ಆಳು ಹತ್ತಿಲ್ಲ. ಸಣ್ಣ ಗಾಡಿಯಲ್ಲಿ ಹೊರಬಹುದಾದ ತೂಕದ ಅರ್ಧ ಇಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಗ್ರಾನೈಟ್ ಬೇಡವೇ ಬೇಡ. ಅದು ಅಲುಗಾಟಕ್ಕೆ ಸೀಳುತ್ತದೆ ಕೂಡ.

ತೂಕ ಎಷ್ಟು ಅನ್ನುವಷ್ಟೇ ಮುಖ್ಯ, ಎಲ್ಲಿ ಅನ್ನುವುದು. ನೀರಿನ ಟ್ಯಾಂಕ್ ನೆಲಕ್ಕೆ ಹತ್ತಿರ, ಮುಂದಿನ ಹಿಂದಿನ ಚಕ್ರಗಳ ನಡುವೆ ಇರಲಿ. ಒಳಗೆ ಅಡ್ಡ ತಡೆ ಹಾಕಿಸಿ. ಇಲ್ಲದಿದ್ದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ಟ್ಯಾಂಕನ್ನು ಟಾಪ್ ಮೇಲೆ ಇಟ್ಟು ಚಾಮುಂಡಿ ಬೆಟ್ಟದ ರಸ್ತೆ ಇಳಿಯುವ ಗಾಡಿಗಳನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಇನ್ನು ಕಿಟಕಿ. ನಿಮ್ಮದು ಚಾಸಿಸ್ ಮೇಲೆ ಬೇರೆಯಾಗಿ ಕೂರಿಸಿದ ಡಬ್ಬಿ ಆಗಿದ್ದರೆ ಕೆಲಸ ಸುಲಭ. ಓಮ್ನಿ, ಇಕೋ ತರಹದ ಗಾಡಿ ಆಗಿದ್ದರೆ ಹುಷಾರು. ಅವುಗಳಲ್ಲಿ ಪಕ್ಕದ ತಗಡು, ಕಂಬ, ಟಾಪ್ ಎಲ್ಲ ಸೇರಿಯೇ ಗಾಡಿಯ ಭಾರ ಹೊರುವುದು. ಕಂಬವನ್ನಾಗಲಿ, ಟಾಪ್ ಅಂಚನ್ನಾಗಲಿ ಮುಟ್ಟಬಾರದು. ಮೊದಲು ಒಳಗಿನಿಂದ ಚೌಕ ಪೈಪಿನ ಚೌಕಟ್ಟು ಕೂರಿಸಿ, ಆಮೇಲೆ ತಗಡು ಕೊಯ್ಯಬೇಕು. ಕೊಯ್ದ ಅಂಚಿಗೆ ಅವತ್ತೇ ಪ್ರೈಮರ್ ಹೊಡೆಸಿ. ವೆಲ್ಡಿಂಗ್ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಈಗಿನ ಗಾಡಿಗಳ ಕಂಪ್ಯೂಟರ್ ಪೆಟ್ಟಿಗೆ ಸುಟ್ಟರೆ ಖರ್ಚು ದೊಡ್ಡದು.

ಗ್ಯಾಸ್ ವಿಷಯ ಬಿಡಿಸಿ ಹೇಳುತ್ತೇನೆ, ಯಾಕಂದರೆ ಜೀವ ಹೋಗುವುದು ಇಲ್ಲೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಕೆರೆಯ ಹಾಗೆ ನಿಲ್ಲುತ್ತದೆ. ಮೇಲೆ ಫ್ಯಾನ್ ಇದೆಯಲ್ಲ ಅಂತ ಸುಮ್ನೆ ಇರಬೇಡಿ, ಅದು ಹೊಗೆಗೆ ಮಾತ್ರ. ಸಿಲಿಂಡರ್‌ಗೆ ಹೊರಗಿನಿಂದಲೇ ಬಾಗಿಲು ತೆಗೆಯುವ ಪ್ರತ್ಯೇಕ ಗೂಡು ಮಾಡಿಸಿ. ಆ ಗೂಡಿಗೂ ಅಡುಗೆ ಜಾಗಕ್ಕೂ ನಡುವೆ ಸಂದು ಇರಬಾರದು. ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲಿ, ಆದರೆ ಸೈಲೆನ್ಸರ್ ಕಡೆಗೆ ಅಲ್ಲ. ಅಡುಗೆ ಜಾಗದ ನೆಲಮಟ್ಟದಲ್ಲೂ ಗಾಳಿ ತೂತು ಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಪಟ್ಟಿ ಬಿಗಿದಿರಲಿ. ಗಾಡಿ ಓಡುವಾಗ ಗ್ಯಾಸ್ ಸಿಲಿಂಡರ್‌ನಲ್ಲೇ ಬಂದ್ ಆಗಿರಬೇಕು. ಮನೆಯ ಕೆಂಪು ಸಿಲಿಂಡರ್ ವ್ಯಾಪಾರಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. 19 ಕೆಜಿಯ ಕಮರ್ಷಿಯಲ್ ಸಿಲಿಂಡರನ್ನೇ ತಗೊಳ್ಳಿ. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಬಾಗಿಲ ಹತ್ತಿರ ಇರಲಿ. ಒಲೆಯ ಹಿಂದೆ ತೂಗುಹಾಕಿದರೆ ಬೆಂಕಿ ಬಿದ್ದಾಗ ಕೈ ಹಾಕುವುದು ಹೇಗೆ?

ಕಾಗದದ ಕೆಲಸ ಕಬ್ಬಿಣ ಮುಟ್ಟುವ ಮೊದಲೇ ಆಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯವರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಸುಮ್ಮನೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಕ್ಷೆ ಬರೆಸಿಕೊಂಡು ಮಂಡ್ಯ ಆರ್‌ಟಿಒಗೆ ಹೋಗಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಗಾಡಿ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಕೆಲಸ ಮುಗಿದ ಮೇಲೆ ಆರ್‌ಸಿಯಲ್ಲಿ ಬರೆಸಿ, ವಿಮೆ ಕಂಪನಿಗೂ ತಿಳಿಸಿ. ಎಲ್ಲ ತುಂಬಿಕೊಂಡು, ಆಳುಗಳನ್ನೂ ಕೂರಿಸಿಕೊಂಡು ಮತ್ತೆ ಅದೇ ವೇಬ್ರಿಡ್ಜ್‌ಗೆ ಹೋಗಿ. ಮಿತಿ ದಾಟಿದ್ದರೆ ಏನಾದರೂ ಇಳಿಸಿ.

ಪ್ರಶ್ನೆ: ಸರ್, ನಮ್ಮದು ಪಾಂಡವಪುರ. ತರಕಾರಿ ಸಾಗಿಸುವ ವ್ಯಾನ್ ಇದೆ. ಮದುವೆ, ಜಾತ್ರೆ ಇದ್ದಾಗ ಹಿಂದೆ ಎರಡು ಬೆಂಚು ಬೋಲ್ಟ್ ಹಾಕಿ ಮನೆಯವರನ್ನು ಕರೆದುಕೊಂಡು ಹೋಗಬಹುದಾ? ಬೆಲ್ಟನ್ನೂ ಹಾಕಿಸುತ್ತೇನೆ.

ಉತ್ತರ: ಬೇಡ. ದಯವಿಟ್ಟು ಬೇಡ. ನೆಲದ ತಗಡಿಗೆ ಹಾಕಿದ ಬೋಲ್ಟ್ ಅಪಘಾತದಲ್ಲಿ ತಗಡನ್ನೇ ಹರಿದುಕೊಂಡು ಬರುತ್ತದೆ. ಜೋರು ಡಿಕ್ಕಿಯಲ್ಲಿ 60 ಕೆಜಿ ಆಳಿನ ಬೆಲ್ಟ್ ಮೇಲೆ ಬೀಳುವ ಎಳೆತ ಒಂದು ಟನ್‌ಗೂ ಜಾಸ್ತಿ ಇರಬಹುದು. ಅದನ್ನು ತಡೆಯುವ ಜಾಗಗಳನ್ನು ಕಂಪನಿಯವರು ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಇಟ್ಟಿರುತ್ತಾರೆ. ಸರಕು ಗಾಡಿಯ ಹಿಂಭಾಗದಲ್ಲಿ ಅವು ಇರುವುದಿಲ್ಲ. ಸರಕು ಗಾಡಿಯಲ್ಲಿ ಸುಮ್ನೆ ಕೂತು ಬಂದವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಒಂದು ದಿನಕ್ಕೆ ಟೆಂಪೊ ಟ್ರಾವೆಲರ್ ಬಾಡಿಗೆಗೆ ಹಿಡಿಯಿರಿ.

ಪ್ರಶ್ನೆ: ನಾವು ಕುವೆಂಪುನಗರದ ನಿವೃತ್ತ ದಂಪತಿ. ಮನೆಯ ವ್ಯಾನಿನ ಹಿಂದಿನ ಸೀಟು ತೆಗೆಸಿ ಮಂಚ, ಇನ್ವರ್ಟರ್, ಇಂಡಕ್ಷನ್ ಒಲೆ ಹಾಕಿಸಿಕೊಂಡು ಊಟಿ ಕಡೆ ಹೋಗಿಬರುವ ಮನಸ್ಸಿದೆ. ಏನು ಗಮನಿಸಬೇಕು?

ಉತ್ತರ: ಅಮ್ಮಾ, ಒಳ್ಳೆಯ ಆಲೋಚನೆ, ಖಂಡಿತ ಮಾಡಿ. ಸೀಟು ತೆಗೆದರೆ ಆರ್‌ಸಿಯಲ್ಲಿನ ಸೀಟಿನ ಲೆಕ್ಕ ಬದಲಾಗುತ್ತದೆ, ಅದಕ್ಕೂ ಆರ್‌ಟಿಒ ಒಪ್ಪಿಗೆ ಬೇಕು. ಕ್ಯಾರವಾನ್ ಅಂತಲೇ ನೋಂದಾಯಿಸುವುದಾದರೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ.

ಇಂಡಕ್ಷನ್ ಒಲೆ ಮಾತ್ರ ಕೈಬಿಡಿ. 2,000 ವ್ಯಾಟ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 170 ಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ. ಮನೆ ವೈರಿಂಗ್‌ನವರು ತರುವ 2.5 ಚದರ ಎಂಎಂ ವೈರ್ ಅದಕ್ಕೆ ಏನೇನೂ ಸಾಲದು, ಕಾದು ಕರಗುತ್ತದೆ. ದೀಪ, ಫ್ಯಾನ್, ಮೊಬೈಲ್ ಚಾರ್ಜಿಗೆ ಇನ್ವರ್ಟರ್ ಇಟ್ಟುಕೊಳ್ಳಿ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು. ದೂರ ಇಟ್ಟರೆ ನಡುವಿನ ವೈರಿಗೆ ಕಾವಲೇ ಇರುವುದಿಲ್ಲ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆಯೆಲ್ಲ ರಬ್ಬರ್ ಬುಷ್ ಹಾಕಿಸಿ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಮಲಗಬಾರದು. ಇಬ್ಬರೂ ಮುಂದೆ, ಬೆಲ್ಟ್ ಹಾಕಿಕೊಂಡೇ ಕೂರಿ.

ಊಟಿ ಚಳಿಗೆ ಎಂಜಿನ್ ಚಾಲೂ ಇಟ್ಟು ಮಲಗುವುದು, ಇದ್ದಿಲು ಒಲೆಯನ್ನು ಒಳಗಿಟ್ಟುಕೊಳ್ಳುವುದು ಎರಡೂ ಕೊಲ್ಲುತ್ತವೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಅಲಾರಂ ಸಿಗುತ್ತದೆ, ತಲೆದಿಂಬಿನ ಎತ್ತರಕ್ಕೆ ಒಂದು ಹಾಕಿಸಿ. ಎರಡು ಕಂಬಳಿ ಜಾಸ್ತಿ ಇಟ್ಟುಕೊಳ್ಳಿ, ಕಿಟಕಿ ಎರಡು ಬೆರಳು ತೆರೆದಿರಲಿ. ಹೊರಡುವ ಹೊತ್ತನ್ನೂ ನೋಡಿಕೊಳ್ಳಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರುತ್ತದೆ.