ತಿಂಗಳಿಗೆ ಐದು ಸಾವಿರ ಉಳಿಯುತ್ತದೆ, ಹೂಡಿಕೆ ಎಲ್ಲಿಂದ ಶುರು ಮಾಡಲಿ?

ಸಂಬಳ ಮೂವತ್ತು ಸಾವಿರ, ಉಳಿಯುವುದು ಐದು ಸಾವಿರ, ಇಪ್ಪತ್ತು ವರ್ಷ ಆ ದುಡ್ಡು ಬೇಕಾಗಿಲ್ಲ, ಷೇರಿನ ಗಂಧಗಾಳಿಯೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ನಿಮಗೆ ಒಂದೇ ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್ ಸಾಕು. ನಿಫ್ಟಿ 50 ಅಂದರೆ ದೇಶದ ಐವತ್ತು ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕ; ಅವೇ ಷೇರುಗಳನ್ನು ಅದೇ ಪ್ರಮಾಣದಲ್ಲಿ ಕೊಳ್ಳುವ ಮ್ಯೂಚುವಲ್ ಫಂಡ್ ಇದು. ಹತ್ತು ಫಂಡ್ ಕೊಂಡವರ ಕೈಯಲ್ಲೂ ಬಹಳಷ್ಟು ಸಲ ಹೆಚ್ಚುಕಡಿಮೆ ಅವೇ ಕಂಪನಿಗಳ ಷೇರುಗಳಿರುತ್ತವೆ.

ಆದರೆ ಆಪತ್ತಿನ ದುಡ್ಡಿಲ್ಲದೆ ಐದು ಸಾವಿರವನ್ನೂ ಇದಕ್ಕೇ ಸುರಿಯಬೇಡಿ. ಮೂರು ತಿಂಗಳ ಖರ್ಚು, ಅಂದರೆ 75,000 ರೂಪಾಯಿ, ಕೂಡುವವರೆಗೆ 3,500 ಆರ್‌ಡಿಗೆ (ಬ್ಯಾಂಕಿನ ತಿಂಗಳ ಕಂತಿನ ಠೇವಣಿ) ಹಾಕಿ, 1,500 ಎಸ್‌ಐಪಿಗೆ, ಅಂದರೆ ಫಂಡಿಗೆ ತಿಂಗಳು ತಿಂಗಳು ತಾನಾಗಿಯೇ ಹೋಗುವ ಕಂತಿಗೆ. ಕೂಡಿದ ಮೇಲೆ ಐದು ಸಾವಿರವೂ ಎಸ್‌ಐಪಿಗೆ. ಪೂರ್ತಿ ಕೂಡಿದ ಮೇಲೆ ಶುರು ಮಾಡುತ್ತೇನೆಂದು ಕೂತವರು ಬಹಳಷ್ಟು ಸಲ ಶುರುವೇ ಮಾಡುವುದಿಲ್ಲ.

ಫಂಡಿನ ಖಾತೆ ತೆರೆಯಲು ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಬೇಕು. ನಮ್ಮ ಕಡೆಯವರು ಸಿಕ್ಕಿಬೀಳುವುದು ಇನಿಷಿಯಲ್ಲಿನಲ್ಲಿ: ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ. ಹೆಸರು ತಾಳೆಯಾಗದೆ ಕೆವೈಸಿ (ಗುರುತಿನ ಪರಿಶೀಲನೆ) ನಿಂತುಬಿಡುತ್ತದೆ. ಮೊದಲೇ ಸರಿಮಾಡಿಸಿಕೊಳ್ಳಿ.

ಫಂಡ್ ಆರಿಸುವಾಗ ಹೆಸರಿನ ಬಾಲ ಓದಿ. ‘ಡೈರೆಕ್ಟ್’ (ನಡುವೆ ಏಜೆಂಟರಿಲ್ಲ), ‘ಗ್ರೋತ್’ (ಲಾಭ ಫಂಡಿನಲ್ಲೇ ಉಳಿದು ಬೆಳೆಯುತ್ತದೆ) ಎರಡೂ ಇರಬೇಕು. ‘ರೆಗ್ಯುಲರ್’ ಅಂದರೆ ಏಜೆಂಟರ ಕಮಿಷನ್ ವರ್ಷವರ್ಷವೂ ನಿಮ್ಮ ದುಡ್ಡಿನಿಂದಲೇ ಹೋಗುತ್ತದೆ. ಲೆಕ್ಕ ಹಾಕಿ: ತಿಂಗಳಿಗೆ 5,000ದಂತೆ 20 ವರ್ಷ, ವರ್ಷಕ್ಕೆ ಶೇ. 12 ಬಂದರೆ ಸುಮಾರು 50 ಲಕ್ಷ; ಶೇ. 11 ಆದರೆ ಸುಮಾರು 43.7 ಲಕ್ಷ. ಶೇ. 12 ಬಂದೇ ಬರುತ್ತದೆ ಅಂತಲ್ಲ, ಒಂದು ಪರ್ಸೆಂಟಿನ ತೂಕ ತಿಳಿಯಲಿ ಅಂತ. ‘ಐಡಿಸಿಡಬ್ಲ್ಯು’, ಅಂದರೆ ಆಗಾಗ ಡಿವಿಡೆಂಡ್ ಹಂಚುವ ಆಯ್ಕೆ, ಅಂತಿದ್ದರೆ ಮುಟ್ಟಬೇಡಿ. ಅದು ಕೊಡುವ ಡಿವಿಡೆಂಡ್ ನಿಮ್ಮದೇ ಫಂಡಿನಿಂದ ತೆಗೆದದ್ದು, ಕೊಟ್ಟಷ್ಟು ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ, ಅಂದರೆ ಒಂದು ಪಾಲಿನ, ಬೆಲೆ) ಇಳಿಯುತ್ತದೆ, ಮೇಲೆ ತೆರಿಗೆ ಬೇರೆ. ಒಂದೇ ಸೂಚ್ಯಂಕದ ಫಂಡ್‌ಗಳಲ್ಲಿ ಎಕ್ಸ್‌ಪೆನ್ಸ್ ರೇಷಿಯೋ (ಫಂಡ್ ವರ್ಷಕ್ಕೆ ಹಿಡಿದುಕೊಳ್ಳುವ ಖರ್ಚು), ಟ್ರ್ಯಾಕಿಂಗ್ ವ್ಯತ್ಯಾಸ (ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ಇರುವ ಅಂತರ) ಕಡಿಮೆ ಇರುವುದನ್ನು ಹಿಡಿಯಿರಿ, ಮಿಕ್ಕಿದ್ದೆಲ್ಲ ಜಾಹೀರಾತು.

ಸಂಬಳ 1ಕ್ಕೆ ಬಂದರೆ ಎಸ್‌ಐಪಿ 5ಕ್ಕೋ 7ಕ್ಕೋ ಇಡಿ. 25ಕ್ಕೆ ಇಟ್ಟರೆ ಖಾತೆ ಬರಿದಾಗಿ ಕಂತು ಬೌನ್ಸ್ ಆಗುತ್ತದೆ. ಬ್ಯಾಂಕ್ ದಂಡ ಹಾಕುತ್ತದೆ, ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದು. ನಾಮಿನಿ ಹೆಸರು ಅವತ್ತೇ ಸೇರಿಸಿ.

ಇನ್ನು ಮಾರುಕಟ್ಟೆ ಬೀಳುವುದು. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂದಿತ್ತು. ಅಂಥ ತಿಂಗಳಲ್ಲಿ ಅದೇ ಐದು ಸಾವಿರಕ್ಕೆ ಯೂನಿಟ್ ಹೆಚ್ಚು ಸಿಗುತ್ತವೆ. ಎಸ್‌ಐಪಿ ನಿಲ್ಲಿಸುವವರು ನಿಲ್ಲಿಸುವುದೂ ಆಗಲೇ. ದಿನಾ ಆ್ಯಪ್ ನೋಡುವ ಚಟ ಬೇಡ. ವರ್ಷಕ್ಕೊಮ್ಮೆ ಸಂಬಳ ಏರಿದ ತಿಂಗಳು ತೆರೆದು, ಕಂತನ್ನು ಐನೂರೋ ಸಾವಿರವೋ ಏರಿಸಿ ಮುಚ್ಚಿಬಿಡಿ.