ಜೋಡಿ ಕೂಡಿ ಬರುವುದೆಂದರೆ

ಪ್ರಶ್ನೆ: ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಕೊರಿಯನ್ ಧಾರಾವಾಹಿಯ ಹ್ಯೂನ್ ಬಿನ್ ಮತ್ತು ಸೋನ್ ಯೇ-ಜಿನ್ ಮುಂದೆ ನಿಜವಾಗಿಯೂ ಮದುವೆಯಾದರು. ಅವರ ಕೆಮಿಸ್ಟ್ರಿಗೆ ಅದೇ ಕಾರಣ ಎಂದು ನನ್ನ ತಂಗಿ ವಾದಿಸುತ್ತಾಳೆ. ನೀವು ಒಪ್ಪುತ್ತೀರಾ? (ಶಿವಮೊಗ್ಗದ ಓದುಗರು)

ಉತ್ತರ: ಒಪ್ಪುವುದು ಕಷ್ಟ. ಈ ಧಾರಾವಾಹಿ ಪ್ರಸಾರವಾದದ್ದು 2019ರ ಡಿಸೆಂಬರ್‌ನಿಂದ 2020ರ ಫೆಬ್ರವರಿವರೆಗೆ. ಮದುವೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚೆ, 2018ರಲ್ಲಿ, ಇದೇ ಇಬ್ಬರು ‘ದ ನೆಗೋಷಿಯೇಷನ್’ ಎಂಬ ಚಲನಚಿತ್ರದಲ್ಲಿ ನಟಿಸಿದ್ದರು. ಅದರಲ್ಲಿ ಹ್ಯೂನ್ ಬಿನ್ ಅಪಹರಣಕಾರ, ಸೋನ್ ಯೇ-ಜಿನ್ ಸಂಧಾನಕ್ಕೆ ಬಂದ ಪೊಲೀಸ್ ಅಧಿಕಾರಿ. ಬಹುಪಾಲು ಮಾತುಕತೆ ವಿಡಿಯೊ ಪರದೆಯ ಮೂಲಕವೇ ಸಾಗುತ್ತದೆ. ಇಲ್ಲದ ಒಲವನ್ನು ಅಲ್ಲಿ ಯಾರೂ ಹುಡುಕಲಿಲ್ಲ. ಅವೇ ಎರಡು ಮುಖಗಳು ಒಂದೂವರೆ ವರ್ಷದೊಳಗೆ ನಮ್ಮನ್ನು ಅಷ್ಟೊಂದು ಹಿಡಿದಿಟ್ಟವು ಎಂದರೆ, ಲೇಖಕಿ ಪಾರ್ಕ್ ಜಿ-ಯುನ್ ಆ ಮುಖಗಳಿಗೆ ಎಂಥ ಪಾತ್ರಗಳನ್ನು ಕೊಟ್ಟರು ಎಂಬುದನ್ನೇ ನೋಡಬೇಕು.

ಸಿಯೋಲ್‌ನ ಸಿರಿವಂತ ಮನೆತನದ ಸೇ-ರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾದ ನೆಲಕ್ಕೆ ಬೀಳುತ್ತಾಳೆ; ಅಲ್ಲಿನ ಸೇನೆಯ ಕ್ಯಾಪ್ಟನ್ ರಿ ಅವಳನ್ನು ತನ್ನ ಮನೆಯಲ್ಲಿ ಬಚ್ಚಿಡುತ್ತಾನೆ. ಅವಳ ಬಾಯಿಗೆ ಬಿಡುವಿಲ್ಲ, ಅವನಿಗೋ ಮಾತೇ ಭಾರ. ಪರಿಮಳದ ಮೇಣದ ಬತ್ತಿ ಬೇಕೆಂದು ಅವಳು ಕೇಳಿದರೆ ಅವನು ಸಾದಾ ಬತ್ತಿ ತರುತ್ತಾನೆ, ಏಕೆಂದರೆ ಅವನು ಬಲ್ಲ ಮೇಣದ ಬತ್ತಿ ಇರುವುದು ಕರೆಂಟ್ ಹೋದಾಗ ಹಚ್ಚುವುದಕ್ಕೆ. ಆಮೇಲೊಂದು ಸಂಜೆ ಅವಳು ಸಂತೆಯ ಜನಜಂಗುಳಿಯಲ್ಲಿ ದಾರಿ ತಪ್ಪಿ ಕಂಗಾಲಾಗಿ ನಿಂತಿರುವಾಗ, ಜನರ ತಲೆಗಳ ಮೇಲೆ ಉರಿಯುವ ಬತ್ತಿಯೊಂದು ಕಾಣುತ್ತದೆ. ಅವನು ಕೈ ಎತ್ತರಿಸಿ ಹಿಡಿದುಕೊಂಡು ಬರುತ್ತಿದ್ದಾನೆ. ಹತ್ತಿರ ಬಂದು, ಈ ಸಲ ಪರಿಮಳದ್ದೇ ತಂದಿದ್ದೇನೆ ಎಂಬರ್ಥದ ಒಂದೇ ಮಾತು ಆಡುತ್ತಾನೆ. ಅಪ್ಪುಗೆಯಿಲ್ಲ, ಪ್ರೇಮ ನಿವೇದನೆಯಿಲ್ಲ. ಅವಳು ಹಿಂದೆಂದೋ ಕೇಳಿದ್ದನ್ನು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂಬುದು ಅವಳಿಗೂ ನಮಗೂ ಒಂದೇ ಗಳಿಗೆಯಲ್ಲಿ ತಿಳಿಯುತ್ತದೆ. ಕೆಮಿಸ್ಟ್ರಿ ಎಂದು ನಾನು ಕರೆಯುವುದು ಇದನ್ನೇ: ಒಬ್ಬರ ಮಾತು ಇನ್ನೊಬ್ಬರೊಳಗೆ ಇಳಿದು ಕೆಲಸ ಮಾಡುವುದು ನಮ್ಮ ಕಣ್ಣಿಗೆ ಕಾಣಬೇಕು.

ಇನ್ನು ಮದುವೆಯ ವಿಚಾರ. ‘ಡಿಸೆಂಡೆಂಟ್ಸ್ ಆಫ್ ದ ಸನ್’ ಧಾರಾವಾಹಿಯ ಜೋಡಿ 2017ರಲ್ಲಿ ಮದುವೆಯಾಗಿ 2019ರಲ್ಲಿ ಬೇರೆಯಾಯಿತು. ಆ ಕಾರಣಕ್ಕೆ 2016ರ ಆ ದೃಶ್ಯಗಳ ಬಿಸಿ ಆರಿಹೋಗಿಲ್ಲ.

ಪ್ರಶ್ನೆ: ‘ಬಾಯ್ಸ್ ಓವರ್ ಫ್ಲವರ್ಸ್’ ಕಥೆಯನ್ನು ನಾನು ಕೊರಿಯನ್ನಿನಲ್ಲೂ ಜಪಾನಿಯಲ್ಲೂ ನೋಡಿದೆ. ಕಥೆ ಒಂದೇ ಆದರೂ ಅನುಭವ ಬೇರೆಯಾಗಿತ್ತು. ಇದು ಭಾಷೆಯ ವ್ಯತ್ಯಾಸವೇ? (ಧಾರವಾಡದ ಓದುಗರು)

ಉತ್ತರ: ನಾಯಕಿಯ ವ್ಯತ್ಯಾಸ ಎನ್ನುತ್ತೇನೆ. ಕಾಮಿಯೊ ಯೋಕೊ ಅವರ ಜಪಾನಿ ಕಾಮಿಕ್ಸ್ (ಮಾಂಗಾ) ಸರಣಿಯಿಂದ ಹುಟ್ಟಿದ ಈ ಕಥೆಯನ್ನು ತೈವಾನ್ 2001ರಲ್ಲಿ, ಜಪಾನ್ 2005ರಲ್ಲಿ, ಕೊರಿಯಾ 2009ರಲ್ಲಿ, ಚೀನಾ 2018ರಲ್ಲಿ ತೆರೆಗೆ ತಂದವು. ಆಮೇಲೆ ಥಾಯ್ಲೆಂಡ್ ಕೂಡ ತಂದಿತು. ಬಡಮನೆಯ ಹುಡುಗಿ, ಶಾಲೆಯನ್ನೇ ಹೆದರಿಸಿಟ್ಟಿರುವ ಸಿರಿವಂತರ ಹುಡುಗ. ಜಪಾನಿನಲ್ಲಿ ಅವಳ ಹೆಸರು ತ್ಸುಕುಶಿ, ಅಂದರೆ ಹೊಲದ ಕಳೆಗಿಡದ ಒಂದು ಚಿಗುರು. ಕೊರಿಯಾದಲ್ಲಿ ಜಾನ್-ದಿ, ಅಂದರೆ ಹುಲ್ಲು. ನಮ್ಮ ಗರಿಕೆಯ ಹಾಗೆ, ತುಳಿದಷ್ಟೂ ಮೇಲೇಳುವವಳು. ಇಡೀ ಕಥೆ ನಿಂತಿರುವುದು ಈ ಹೆಸರಿನ ಮೇಲೆ. ಹುಡುಗ ಮಾಡುವುದು ಕ್ರೌರ್ಯ, ಅದನ್ನು ಬೇರೆ ಮಾತಿನಲ್ಲಿ ಹೇಳಬಾರದು. ಹುಡುಗಿ ತಿರುಗಿ ನಿಂತು ಒದ್ದಾಗಲೇ ಇಬ್ಬರೂ ಸರಿಸಮ ನೆಲಕ್ಕೆ ಬಂದು, ಪ್ರೀತಿಗೆ ಎಡೆಯಾಗುತ್ತದೆ.

ಜಪಾನಿನ ಮೊದಲ ಸರಣಿ ಒಂಬತ್ತೇ ಕಂತುಗಳದ್ದು. ಇನೊಉಏ ಮಾವೊ ಅವರ ದಿಟ್ಟ ನೋಟ ಅದರಲ್ಲಿ ಕೊನೆಯವರೆಗೂ ಕುಗ್ಗುವುದಿಲ್ಲ. ಎದುರಿಗೆ ಮಾತ್ಸುಮೊತೊ ಜುನ್ ಅವರ ಹುಡುಗ ಅಹಂಕಾರದಿಂದ ಶುರುವಾಗಿ ತಬ್ಬಿಬ್ಬಾಗುತ್ತಾ ಹೋಗುವುದನ್ನು ನೋಡುವುದೇ ಒಂದು ಸುಖ. ಕೊರಿಯಾದ ಇಪ್ಪತ್ತೈದು ಕಂತುಗಳಲ್ಲಿ ಲೀ ಮಿನ್-ಹೊ ಅವರ ಸೆಳೆತ ದೊಡ್ಡದು, ಆದರೆ ಜಾನ್-ದಿ ಬರಬರುತ್ತಾ ಯಾರಾದರೂ ಬಂದು ಕಾಪಾಡಬೇಕಾದ ಹುಡುಗಿಯಾಗುತ್ತಾಳೆ. ಅವಳು ಸೊರಗಿದಂತೆಲ್ಲ ಜೋಡಿಯೂ ಸೊರಗಿತು ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ನನಗೆ ಯಾವಾಗಲೂ ಎರಡನೇ ನಾಯಕನೇ ಇಷ್ಟವಾಗುತ್ತಾನೆ. ‘ರಿಪ್ಲೈ 1988’ ಮುಗಿದಾಗ ಎರಡು ದಿನ ಬೇಸರದಲ್ಲಿದ್ದೆ. (ಮೈಸೂರಿನ ಓದುಗರು)

ಉತ್ತರ: ನಿಮ್ಮ ಬೇಸರ ನನಗೂ ಆಗಿತ್ತು. ತುಂಬಿದ ಬಸ್ಸಿನಲ್ಲಿ ನಾಯಕಿ ದೊಕ್-ಸನ್ ಮೇಲೆ ಜನ ಬೀಳದಂತೆ ಜಂಗ್-ಹ್ವಾನ್ ಅವಳ ಹಿಂದೆ ತೋಳು ಬಿಗಿದು ನಿಲ್ಲುತ್ತಾನೆ. ಅವನ ಕೈಯ ನರ ಉಬ್ಬಿದ್ದು ನಮಗೆ ಕಾಣುತ್ತದೆ. ಅವನ ಗುಟ್ಟಿಗೆ ನಮ್ಮನ್ನು ಪಾಲುದಾರರನ್ನಾಗಿ ಮಾಡಿದ್ದರಿಂದಲೇ ನಾವು ಅವನ ಪಕ್ಷ ವಹಿಸುತ್ತೇವೆ. ಆದರೆ ಸಂಗೀತ ಕಛೇರಿಯ ಸಂಜೆ ಅವನು ಓಡೋಡಿ ಬರುವಷ್ಟರಲ್ಲಿ ಅವರ ಗೆಳೆಯ, ‘ಗೋ’ ಆಟಗಾರ ಟೇಕ್ ಅವಳ ಎದುರು ನಿಂತಾಗಿತ್ತು, ಅದೂ ತನ್ನ ಪಂದ್ಯವನ್ನೇ ಬಿಟ್ಟು. ತಡಮಾಡಿದ್ದು ಸಿಗ್ನಲ್ ದೀಪಗಳಲ್ಲ, ತನ್ನ ಹಿಂಜರಿಕೆಯೇ ಎಂದು ಜಂಗ್-ಹ್ವಾನ್ ತಾನೇ ಅರಿತುಕೊಳ್ಳುತ್ತಾನೆ. ನ್ಯಾಯವಾದ ಮುಕ್ತಾಯ, ಆದರೂ ನೋವಿನದು.

ಪ್ರಶ್ನೆ: ಇಂಗ್ಲಿಷ್ ಉಪಶೀರ್ಷಿಕೆ ಓದಿಕೊಂಡು ನೋಡುವವರಿಗೆ ಈ ಸೂಕ್ಷ್ಮಗಳು ಎಷ್ಟು ದಕ್ಕುತ್ತವೆ? (ದುಬೈನಲ್ಲಿರುವ ಕನ್ನಡಿಗರು)

ಉತ್ತರ: ಓದುವುದರ ಜತೆಗೆ ಕಿವಿಯನ್ನೂ ತೆರೆದಿಡಿ. ನಮ್ಮ ‘ನೀವು’ ‘ನೀನು’ ಆಗುವಾಗ ಆಗುವ ಪುಳಕ ಕೊರಿಯನ್ನರಿಗೂ ಉಂಟು. ಅವರ ಕ್ರಿಯಾಪದದ ಕೊನೆಯೇ ಮರ್ಯಾದೆಯಿಂದ ಸಲುಗೆಗೆ ಬದಲಾಗುತ್ತದೆ. ಇಂಗ್ಲಿಷಿನ ಒಂದೇ ‘ಯೂ’ ಅದನ್ನು ನುಂಗಿಬಿಡುತ್ತದೆ. 2018ರ ‘ಸಮ್‌ಥಿಂಗ್ ಇನ್ ದ ರೇನ್’ ಧಾರಾವಾಹಿಯ ಮೂಲ ಹೆಸರಿನ ಅರ್ಥ ‘ಚೆನ್ನಾಗಿ ಊಟ ಕೊಡಿಸುವ ಚೆಂದದ ಅಕ್ಕ’. ಗೆಳತಿಯ ತಮ್ಮನಾದ ಜುನ್-ಹಿ ನಾಯಕಿ ಜಿನ್-ಆಳನ್ನು ‘ನೂನಾ’, ಅಂದರೆ ಅಕ್ಕ, ಎನ್ನುತ್ತಿದ್ದವನು ನಡುನಡುವೆ ಹೆಸರು ಹಿಡಿದೇ ಕರೆಯತೊಡಗುತ್ತಾನೆ. ಆ ಬದಲಾವಣೆಯನ್ನು ಕೇಳಿಸಿಕೊಂಡವರಿಗೆ, ಮುಂದೆ ನಾಲ್ಕು ಜನರ ನಡುವೆ ಮೇಜಿನ ಕೆಳಗೆ ಅವಳೇ ಅವನ ಕೈ ಹಿಡಿಯುವ ದೃಶ್ಯ ಇನ್ನಷ್ಟು ತಟ್ಟುತ್ತದೆ. ಉತ್ತರಾರ್ಧ ಅಷ್ಟು ಚೆನ್ನಾಗಿಲ್ಲ ಎಂಬುದನ್ನೂ ಹೇಳಬೇಕು: ಅಮ್ಮನ ಒತ್ತಾಯಕ್ಕೆ ಅವನಿಂದ ಮುಚ್ಚಿಟ್ಟು ಅವಳು ಬೇರೊಬ್ಬ ವರನನ್ನು ನೋಡಲು ಹೋದಾಗ, ಆ ಕೈ ಹಿಡಿದವಳು ಇವಳೇನಾ ಎಂದು ಮನಸ್ಸು ಕೇಳುತ್ತದೆ. ನಟರು ದಣಿದಿಲ್ಲ, ಪಾತ್ರ ದಾರಿ ತಪ್ಪಿದೆ. ಮೊದಲ ಎಂಟು ಕಂತುಗಳನ್ನಂತೂ ಹೆಡ್‌ಫೋನ್ ಹಾಕಿಕೊಂಡು ನೋಡಿ.