ಅಲರ್ಜಿಯ ಅನುಮಾನ, ಊಟಕ್ಕೇ ಹೆದರುವ ಮಗ

ಇದು ಗದಗ-ಬೆಟಗೇರಿಯ ಒಂದು ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮಗನಿಗೆ ಐದು ವರ್ಷ. ತಾಯಿ ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದು ಮಗನ ವಿಷಯಕ್ಕಲ್ಲ, ಅತ್ತೆಯ ಜತೆ ಮಾತು ನಿಂತುಹೋಗಿದೆ ಅಂತ. ನಾಗರಪಂಚಮಿಯ ದಿನ ಅಜ್ಜಿ ಮೊಮ್ಮಗನ ಕೈಗೆ ಶೇಂಗಾ ಉಂಡಿ ಕೊಟ್ಟಿದ್ದರು. ಸೊಸೆ ಓಡಿ ಬಂದು ಕಸಿದುಕೊಂಡರು. ಹುಡುಗ ಗಡಗಡ ನಡುಗಿಬಿಟ್ಟ.

ಎರಡು ವರ್ಷದ ಹಿಂದೆ ಒಂದು ಮದುವೆ ಊಟ ಮಾಡಿ ಬಂದ ಸ್ವಲ್ಪ ಹೊತ್ತಿಗೆ ಅವನ ಮೈತುಂಬ ಗಂಧೆ ಎದ್ದಿದ್ದವು. ತುಟಿ ಊದಿತ್ತು, ಒಮ್ಮೆ ವಾಂತಿಯೂ ಆಗಿತ್ತು. ಊಟದಲ್ಲಿ ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣಿಗಾಯಿ, ಪೇಡೆ ಎಲ್ಲಾ ಇದ್ದವು. ಆ ವಾರ ಅವನಿಗೆ ಜ್ವರ, ನೆಗಡಿ ಬೇರೆ. ಮಕ್ಕಳಿಗೆ ವೈರಸ್ ಜ್ವರದಲ್ಲೂ ಗಂಧೆ ಏಳುತ್ತವೆ. ಹಾಗಾಗಿ ಕಾರಣ ಯಾವುದು ಅಂತ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಯಾರೋ ಹೇಳಿದರು ಅಂತ ಲ್ಯಾಬ್‌ನಲ್ಲಿ ರಕ್ತ ಕೊಟ್ಟು ಉದ್ದನೆಯ ಪಟ್ಟಿ ತಂದರು. ಹಾಲು, ಗೋಧಿ, ಶೇಂಗಾ, ಎಳ್ಳು, ಬದನೆ, ತೊಗರಿ, ಎಲ್ಲದರ ಮುಂದೆಯೂ ಪಾಸಿಟಿವ್. ಅವತ್ತಿನಿಂದ ಹುಡುಗನಿಗೆ ಜೋಳದ ರೊಟ್ಟಿ, ಅನ್ನ, ಹೆಸರುಬೇಳೆ ಅಷ್ಟೇ. ಒಂದು ವರ್ಷದಿಂದ ತೂಕ ಸರಿಯಾಗಿ ಏರಿಲ್ಲ. ತಾಟಿನ ಮುಂದೆ ಕೂತಾಗೆಲ್ಲ ಅವನದು ಒಂದೇ ಪ್ರಶ್ನೆ: “ಅವ್ವಾ, ಇದನ್ನ ತಿಂದ್ರ ನಾ ಸಾಯ್ತೀನೇನು?”

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಅತ್ತೆ-ಸೊಸೆ ಜಗಳ ಎರಡನೆಯದಾಯಿತು.

ನಾನು ವೈದ್ಯೆ ಅಲ್ಲ. ಆದರೂ ತಾಯಿಗೆ ಒಂದು ಮಾತು ಕೇಳಿದೆ. “ಮದುವೆಗೆ ಮುಂಚೆ ಅವನು ಹಾಲು, ಚಪಾತಿ ತಿಂತಿದ್ನಾ?” ದಿನಾ ತಿನ್ನುತ್ತಿದ್ದನಂತೆ, ಏನೂ ಆಗುತ್ತಿರಲಿಲ್ಲವಂತೆ. ರಕ್ತ ಪರೀಕ್ಷೆಯಲ್ಲಾಗಲಿ, ಚರ್ಮದ ಪರೀಕ್ಷೆಯಲ್ಲಾಗಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ. ಮೈ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಅಂತ ಅಷ್ಟೇ ಅದು ಹೇಳುತ್ತದೆ. ಆರಾಮಾಗಿ ತಿನ್ನುವ ಮಕ್ಕಳಲ್ಲೂ ಪಾಸಿಟಿವ್ ಬರುತ್ತದೆ. ರಕ್ತದಲ್ಲಿ ಐಜಿಜಿ (IgG) ಅನ್ನುವ ಪ್ರತಿಕಾಯ ಹುಡುಕುವ ಬಗೆಯ ಪರೀಕ್ಷೆಯಂತೂ ಆಹಾರದ ಅಲರ್ಜಿ ಕಂಡುಹಿಡಿಯಲು ಉಪಯೋಗವೇ ಇಲ್ಲ. ಬಡಪಾಯಿ ತಂದೆತಾಯಿ ಇಂಥದ್ದಕ್ಕೆ ದುಡ್ಡು ಸುರಿದು, ಮನೆಗೆ ಭಯ ಹೊತ್ತು ತರುವುದು ನೋಡಿದರೆ ಸಂಕಟವಾಗುತ್ತದೆ.

ಮಕ್ಕಳ ಅಲರ್ಜಿ ನೋಡುವ ವೈದ್ಯರ ಹತ್ತಿರ ಹೋಗಲು ಹೇಳಿದೆ. ಏನು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಆಗ ಜ್ವರ ಇತ್ತಾ, ಯಾವ ಔಷಧ ಕೊಟ್ಟಿದ್ದಿರಿ, ಇಷ್ಟನ್ನು ಒಂದು ವಹಿಯಲ್ಲಿ ಬರೆದುಕೊಂಡು ಹೋಗಿ ಅಂದೆ. ಆಹಾರದಿಂದ ತಟ್ಟನೆ ಆಗುವ ಅಲರ್ಜಿ ಸಾಮಾನ್ಯವಾಗಿ ಎರಡು ತಾಸಿನ ಒಳಗೇ ಕಾಣಿಸುತ್ತದೆ. ಅದಕ್ಕೇ ಗಡಿಯಾರದ ಲೆಕ್ಕ ಮುಖ್ಯ. ತುರಿಕೆ ಔಷಧ ಕೊಡುತ್ತಿದ್ದರೆ ಚರ್ಮದ ಪರೀಕ್ಷೆಗೆ ಮುಂಚೆ ಎಷ್ಟು ದಿನ ನಿಲ್ಲಿಸಬೇಕು ಅಂತ ವೈದ್ಯರನ್ನೇ ಕೇಳಬೇಕು. ಕೊನೆಗೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಚೂರು ಚೂರಾಗಿ ತಿನ್ನಿಸಿ ನೋಡುವುದೇ ಗಟ್ಟಿ ಪರೀಕ್ಷೆ.

ಅಜ್ಜಿಯನ್ನು ಬೇರೆಯಾಗಿ ಕರೆಸಿದೆ. “ನಮ್ಮ ಕಾಲದಾಗ ಇದೆಲ್ಲಾ ಎಲ್ಲಿತ್ರಿ ಅಕ್ಕಾರ? ಪಿತ್ತ ಎದ್ರ ಕಂಬಳಿ ತಿಕ್ಕತಿದ್ವಿ, ಹೋಗ್ತಿತ್ತು” ಅಂದರು. ನಾನು ವಾದ ಮಾಡಲಿಲ್ಲ. ಮೊಮ್ಮಗನನ್ನು ನೋಡಿದರೆ ಏನನ್ನಿಸುತ್ತದೆ ಅಂತ ಕೇಳಿದೆ. ಅತ್ತುಬಿಟ್ಟರು. “ಎಲುಬು ಎಣಿಸಬಹುದು ಕೂಸಿಂದು. ನಮ್ಮ ಮನ್ಯಾಗ ಇದ್ದೂ ಉಪವಾಸ.” ಸೊಸೆಯ ಮೇಲಿನ ಹಟದಿಂದ ಅವರು ಉಂಡಿ ಕೊಟ್ಟಿರಲಿಲ್ಲ. ಮಗು ಸೊರಗುತ್ತಿದೆ ಅನ್ನುವ ಹೆದರಿಕೆ ಅದು. ಸೊಸೆಗೆ ತಿಂದರೆ ಏನಾಗುತ್ತೋ ಅಂತ, ಅತ್ತೆಗೆ ತಿನ್ನದಿದ್ದರೆ ಏನಾಗುತ್ತೋ ಅಂತ. ಇಬ್ಬರನ್ನೂ ಎದುರುಬದುರು ಕೂರಿಸಿ ಇದನ್ನೇ ಹೇಳಿಸಿದೆ. ಇಡೀ ಪ್ರಕರಣದಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಇದಕ್ಕೇ.

ಆದರೆ ಅಜ್ಜಿಗೆ ಒಂದನ್ನು ಖಡಾಖಂಡಿತ ಹೇಳಿದೆ: ಕದ್ದುಮುಚ್ಚಿ ತಿನ್ನಿಸಿ ನೋಡುವ ಹಾಗಿಲ್ಲ. ಹಿಂದಿನ ಸಲ ಬರೀ ಗಂಧೆ ಎದ್ದಿದ್ದರೆ ಮುಂದಿನ ಸಲವೂ ಅಷ್ಟೇ ಅಂತ ನಂಬಲಾಗದು. ಉಸಿರು ಸಿಕ್ಕಿಕೊಂಡರೆ, ಧ್ವನಿ ಗೊಗ್ಗರಾದರೆ, ಮಗು ಸೋತು ಬಿದ್ದರೆ ಸಪಾಟಾಗಿ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಬೇಕು. ಮಲಗಿದರೆ ಉಸಿರಾಡಲು ಕಷ್ಟ ಅನ್ನಿಸಿದರೆ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ತುರಿಕೆ ಸಿರಪ್ ಸಾಲದು. ಆಡಿನ ಹಾಲು ಕೊಡಲೇ ಅಂತಲೂ ಕೇಳಿದರು. ಆಕಳ ಹಾಲಿನ ಅಲರ್ಜಿ ನಿಜವಾಗಿ ಇದ್ದರೆ ಆಡು, ಎಮ್ಮೆ ಹಾಲೂ ಆಗಿಬರುವುದಿಲ್ಲ. ಅವುಗಳ ಪ್ರೋಟೀನು ಹೆಚ್ಚುಕಮ್ಮಿ ಒಂದೇ.

ತಂದೆ ಕೆಲಸಕ್ಕೆ ಹುಬ್ಬಳ್ಳಿಗೆ ಓಡಾಡುವವರು. “ನೀವಿಬ್ರೂ ಏನರ ಮಾಡ್ಕೋರಿ” ಅಂತ ದೂರ ನಿಂತಿದ್ದರು. ಆಸ್ಪತ್ರೆಯ ಓಡಾಟ ಅವರಿಗೇ ವಹಿಸಿದೆ.

ಮಗನಿಗೆ ಹೇಳುವ ಮಾತನ್ನೂ ಒಟ್ಟಿಗೆ ಕೂತು ಗೊತ್ತುಮಾಡಿದೆವು. “ತಿಂದ್ರ ಸಾಯ್ತಿ” ಅನ್ನುವುದು ಇನ್ನು ಯಾರ ಬಾಯಲ್ಲೂ ಬರಬಾರದು. “ಡಾಕ್ಟರು ನೋಡಿ ಹೇಳೂತನಕ ಶೇಂಗಾ ಬ್ಯಾಡ, ಬಾಯಿ ತುರಿಸಿದ್ರ ನನಗ ಹೇಳು” ಇಷ್ಟು ಸಾಕು. ಶಾಲೆಯಲ್ಲಿ ಅವನನ್ನು ಬೇರೆ ಕೂರಿಸಿ ಉಣ್ಣಿಸುತ್ತಿದ್ದರು. ಏನು ಕೊಡಬಾರದು, ಏನಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಟೀಚರ್‌ಗೆ ಕೊಡಿಸಿದೆ. ಈಗ ಎಲ್ಲರ ಸಾಲಿನಲ್ಲೇ ಕೂರುತ್ತಾನೆ. ಡಬ್ಬಿ ಹಂಚಿಕೊಳ್ಳುವುದಿಲ್ಲ, ಕೈ ತೊಳೆಯುತ್ತಾರೆ, ಅಷ್ಟೇ.

ವೈದ್ಯರು ತಮ್ಮ ಎದುರೇ ಒಂದೊಂದಾಗಿ ಕೊಟ್ಟು ನೋಡಿ ಹಾಲು, ಗೋಧಿ, ಬದನೆ, ತೊಗರಿ ವಾಪಸ್ ಶುರು ಮಾಡಿಸಿದ್ದಾರೆ. ಎಳ್ಳು, ಶೇಂಗಾ ಬಾಕಿ ಇವೆ. ಶೇಂಗಾಕ್ಕೆ ಚರ್ಮದ ಮೇಲೆ ದೊಡ್ಡ ಗುಳ್ಳೆ ಎದ್ದಿತ್ತು, ತಿನ್ನಿಸುವ ಪರೀಕ್ಷೆ ನೆಗಡಿಯಿಂದ ಮುಂದೆ ಹೋಗಿದೆ. ಊಟದ ಹೊತ್ತಿನ ಆ ಪ್ರಶ್ನೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ರಿಪೋರ್ಟ್ ಹೇಗೇ ಬರಲಿ, ಆ ಭಯಕ್ಕಾಗಿ ಇನ್ನೂ ಕೆಲವು ತಿಂಗಳು ಬನ್ನಿ ಅಂದಿದ್ದೇನೆ. ಅಜ್ಜಿಯೂ ಜತೆಗೆ ಬರುತ್ತಿದ್ದಾರೆ.